ಬಂಡೆ ಸಿಡಿತ, ನೆಲದ ಕಂಪನ ಮತ್ತು ನೆರೆಯ ಕಟ್ಟಡಗಳು

ಮನೆ, ರಸ್ತೆ, ಸೇತುವೆ, ರೈಲುಮಾರ್ಗ – ಇವುಗಳಲ್ಲಿ ಯಾವುದೂ ಜಲ್ಲಿಕಲ್ಲಿನ ಹೊರತು ನಿರ್ಮಾಣವಾಗಲಾರದು. ನದಿ ಮರಳಿನ ಅಭಾವ ತಲೆದೋರಿದ ಮೇಲೆ ಎಂ-ಸ್ಯಾಂಡ್ ತಯಾರಿಕೆಗೂ ಗಟ್ಟಿ ಬಂಡೆಯೇ ಮೂಲವಸ್ತುವಾಗಿದೆ. ಹೀಗೆ ಬೇಡಿಕೆ ಹೆಚ್ಚಿದಂತೆಲ್ಲ ಕಲ್ಲು ಕ್ವಾರಿಗಳು ಊರುಗಳತ್ತ ಸರಿದಿವೆ. ಊರುಗಳೂ ಕ್ವಾರಿಗಳತ್ತ ಬೆಳೆದಿವೆ. ಒಂದು ಕಾಲದಲ್ಲಿ ನಿರ್ಜನವಾಗಿದ್ದ ಬೆಟ್ಟದ ಬುಡದಲ್ಲಿ ಇಂದು ಬಡಾವಣೆಗಳು ಎದ್ದಿವೆ.

ಈ ಸಾಮೀಪ್ಯವು ತಂದೊಡ್ಡಿರುವ ತಕರಾರುಗಳಲ್ಲಿ ಬಹು ಮುಖ್ಯವಾದುದು ಸ್ಫೋಟದಿಂದ ಉಂಟಾಗುವ ನೆಲದ ಕಂಪನ. ಮನೆಯ ಗೋಡೆ ಬಿರುಕು ಬಿಟ್ಟಿದೆ ಎಂಬುದು ಗ್ರಾಮಸ್ಥರ ದೂರು. ನಿಯಮದಂತೆಯೇ ಬಂಡೆ ಸಿಡಿಸಿದ್ದೇವೆ ಎಂಬುದು ಕ್ವಾರಿ ಮಾಲೀಕರ ಉತ್ತರ. ಆದರೆ ಬಹುತೇಕ ಸಂದರ್ಭಗಳಲ್ಲಿ ಎರಡೂ ಕಡೆಯವರ ಕೈಯಲ್ಲಿ ಅಳತೆಯ ಅಂಕಿಯೊಂದೂ ಇರುವುದಿಲ್ಲ. ಆ ದಿನ ನೆಲ ಎಷ್ಟು ಕಂಪಿಸಿತು, ಸ್ಫೋಟಕ್ಕೆ ಮುನ್ನ ಗೋಡೆ ಹೇಗಿತ್ತು ಎಂಬ ಎರಡು ಸರಳ ಪ್ರಶ್ನೆಗಳಿಗೆ ದಾಖಲೆಯ ಉತ್ತರವಿಲ್ಲದಿರುವುದರಿಂದ ವಿವಾದವು ಪ್ರತಿಭಟನೆಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗುತ್ತದೆ. ಒಂದು ಕಡೆ ಜೀವಮಾನದ ಉಳಿತಾಯದಿಂದ ಕಟ್ಟಿದ ಮನೆ, ಇನ್ನೊಂದು ಕಡೆ ಸಾಲ ಮಾಡಿ ಹೂಡಿದ ಬಂಡವಾಳ ಮತ್ತು ನೂರಾರು ಕೈಗಳ ಕೂಲಿ. ಎರಡನ್ನೂ ಉಳಿಸುವ ಉಪಾಯವಿದೆಯೆ ಎಂಬುದನ್ನು ತಾಂತ್ರಿಕವಾಗಿ ಪರಿಶೀಲಿಸುವುದು ಉಚಿತ.

ಕಂಪನ ಎಂದರೆ ವ್ಯರ್ಥವಾದ ಶಕ್ತಿ

ಕುಳಿಯೊಳಗೆ ತುಂಬಿದ ಮದ್ದು ಸಿಡಿದಾಗ ಕುಳಿಯ ಸುತ್ತಲಿನ ಬಂಡೆ ಪುಡಿಯಾಗುತ್ತದೆ. ಅದರಾಚೆಗಿನ ಬಂಡೆ ಸೀಳುತ್ತದೆ. ಉತ್ಪತ್ತಿಯಾದ ಅನಿಲಗಳು ಸೀಳುಗಳೊಳಗೆ ನುಗ್ಗಿ ಕಲ್ಲನ್ನು ತೆರೆದ ಮುಖದ ಕಡೆಗೆ ತಳ್ಳುತ್ತವೆ. ಇಷ್ಟು ಮಾತ್ರ ಉದ್ದಿಮೆದಾರನಿಗೆ ಬೇಕಾದ ಕೆಲಸ. ಉಳಿದ ಶಕ್ತಿಯು ನೆಲದ ಅಲೆಯಾಗಿ, ಗಾಳಿಯ ಒತ್ತಡವಾಗಿ, ಶಾಖವಾಗಿ, ಹಾರುವ ಕಲ್ಲಾಗಿ ಹೊರಹೋಗುತ್ತದೆ. ಆದುದರಿಂದ ನೆರೆಮನೆಯನ್ನು ನಡುಗಿಸುವ ಕಂಪನವೆಂದರೆ ಬಂಡೆ ಒಡೆಯದೆ ಪೋಲಾದ ಮದ್ದು. ಕಂಪನವನ್ನು ತಗ್ಗಿಸುವ ಕ್ರಮಗಳಲ್ಲಿ ಹಲವು ಮದ್ದಿನ ಖರ್ಚನ್ನೂ ತಗ್ಗಿಸುತ್ತವೆ ಎಂಬುದನ್ನು ಉದ್ದಿಮೆದಾರರು ಗಮನಿಸಬೇಕು.

ನೆಲದ ಕಂಪನವನ್ನು ಅಳೆಯಲು ವಿಶ್ವದಾದ್ಯಂತ ಬಳಕೆಯಲ್ಲಿರುವ ಮಾನವೆಂದರೆ ಕಣದ ಗರಿಷ್ಠ ವೇಗ. ಇದನ್ನು ಸಂಕ್ಷಿಪ್ತವಾಗಿ ಪಿಪಿವಿ ಎನ್ನುತ್ತಾರೆ. ಅಲೆ ಹಾದುಹೋಗುವಾಗ ನೆಲದ ಒಂದು ಬಿಂದು ತನ್ನ ಸ್ಥಾನದಲ್ಲಿಯೇ ಅತ್ತಿತ್ತ ತೂಗಾಡುತ್ತದೆ. ಹಾಗೆ ತೂಗಾಡುವಾಗ ಅದು ಮುಟ್ಟಿದ ಅತಿ ಹೆಚ್ಚಿನ ವೇಗವೇ ಪಿಪಿವಿ. ಇದನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ಹೇಳಲಾಗುತ್ತದೆ. ಅಲೆ ಸಾಗುವ ವೇಗ ಬೇರೆ, ಕಣದ ವೇಗ ಬೇರೆ. ಗಟ್ಟಿ ಗ್ರಾನೈಟ್ ಬಂಡೆಯಲ್ಲಿ ಅಲೆಯು ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗದಲ್ಲಿ ಸಾಗಿದರೂ ಕಣದ ವೇಗವು ಕೆಲವೇ ಮಿಲಿಮೀಟರ್‌ಗಳಷ್ಟಿರುತ್ತದೆ.

ಆವರ್ತನದ ಮಹತ್ವ

ವೇಗದಷ್ಟೇ ಮುಖ್ಯವಾದ ಇನ್ನೊಂದು ಅಂಶವೆಂದರೆ ಕಂಪನದ ಆವರ್ತನ, ಅಂದರೆ ನೆಲವು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ತೂಗಾಡುತ್ತದೆ ಎಂಬುದು. ಪ್ರತಿಯೊಂದು ಕಟ್ಟಡಕ್ಕೂ ತನ್ನದೇ ಆದ ಸಹಜ ಆವರ್ತನವಿರುತ್ತದೆ. ಒಂದೆರಡು ಅಂತಸ್ತಿನ ಸಾಮಾನ್ಯ ಮನೆಗಳಲ್ಲಿ ಇದು ಸುಮಾರು 4ರಿಂದ 12 ಹರ್ಟ್ಸ್. ನೆಲದ ಕಂಪನವೂ ಇದೇ ಆವರ್ತನದಲ್ಲಿ ಬಂದರೆ ಕಟ್ಟಡವು ನೆಲಕ್ಕಿಂತ ಹೆಚ್ಚಾಗಿ ತೂಗಾಡುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದಾಗ ಅದು ಮೇಲೇರುವಂತೆಯೇ ಇದು. 40 ಹರ್ಟ್ಸ್‌ಗೆ ಮೇಲ್ಪಟ್ಟ ಕಂಪನವಾದರೆ ಕಟ್ಟಡವು ಅದಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ.

ಕ್ವಾರಿಗೆ ಸಮೀಪದಲ್ಲಿ, ಬಂಡೆಯ ಮೇಲೆಯೇ ಅಡಿಪಾಯವಿರುವ ಕಟ್ಟಡಗಳನ್ನು ತಲಪುವ ಕಂಪನವು ಸಾಮಾನ್ಯವಾಗಿ ಹೆಚ್ಚು ಆವರ್ತನದ್ದು. ದೂರ ಹೆಚ್ಚಿದಂತೆ, ಮಣ್ಣಿನ ಪದರ ದಪ್ಪವಾದಂತೆ ಹೆಚ್ಚಿನ ಆವರ್ತನಗಳು ಸೋಸಿಹೋಗಿ ಕಡಿಮೆ ಆವರ್ತನದ ನಿಧಾನ ತೂಗಾಟ ಮಾತ್ರ ಉಳಿಯುತ್ತದೆ. ಆದ್ದರಿಂದ ಹತ್ತಿರದ ಮನೆಯವರು ಸುಮ್ಮನಿದ್ದು, ತುಸು ದೂರದಲ್ಲಿ ಕೆರೆಯ ಬಯಲಿನ ಮಣ್ಣಿನ ಮೇಲೆ ಕಟ್ಟಿದ ಮನೆಯವರು ದೂರು ನೀಡಿದರೆ ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಅಲ್ಲಿನ ಪಿಪಿವಿ ಕಡಿಮೆಯೇ ಇರಬಹುದು. ಆದರೆ ಅದೇ ವೇಗದ ಕಂಪನವು ಕಡಿಮೆ ಆವರ್ತನದಲ್ಲಿ ಬಂದಾಗ ಮನೆಗೆ ಹೆಚ್ಚು ಹಾನಿಕರ.

ನಿಗದಿಯಾದ ಮಿತಿಗಳು

ಭಾರತದಲ್ಲಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರ ಆಗಸ್ಟ್‌ನಲ್ಲಿ ಹೊರಡಿಸಿದ ತಾಂತ್ರಿಕ ಸುತ್ತೋಲೆಯು ಈ ವಿಷಯದಲ್ಲಿ ಅಳತೆಗೋಲಾಗಿದೆ. ಕಟ್ಟಡದ ಅಡಿಪಾಯದ ಮಟ್ಟದಲ್ಲಿ ಅಳೆದ ಪಿಪಿವಿಗೆ ಅದು ವಿಧಿಸಿರುವ ಮಿತಿಯು ಕಟ್ಟಡದ ಬಗೆ ಮತ್ತು ಕಂಪನದ ಆವರ್ತನಗಳೆರಡನ್ನೂ ಅವಲಂಬಿಸಿದೆ. ಗಣಿ ಮಾಲೀಕರಿಗೆ ಸೇರದ ಕಟ್ಟಡಗಳಿಗೆ ಸಂಬಂಧಿಸಿದ ಮಿತಿಗಳು, ಸೆಕೆಂಡಿಗೆ ಮಿಲಿಮೀಟರ್‌ಗಳಲ್ಲಿ, ಹೀಗಿವೆ:

– ವಾಸದ ಮನೆಗಳು (ಕಚ್ಚಾ ಮನೆ, ಇಟ್ಟಿಗೆ-ಸಿಮೆಂಟಿನ ಮನೆ): 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ 5, 8ರಿಂದ 25 ಹರ್ಟ್ಸ್‌ವರೆಗೆ 10, 25 ಹರ್ಟ್ಸ್ ಮೀರಿದಾಗ 15.

– ಕೈಗಾರಿಕಾ ಕಟ್ಟಡಗಳು (ಆರ್‌ಸಿಸಿ ಹಾಗೂ ಚೌಕಟ್ಟಿನ ಕಟ್ಟಡಗಳು): ಕ್ರಮವಾಗಿ 10, 20 ಮತ್ತು 25.

– ಐತಿಹಾಸಿಕ ಮಹತ್ವದ ಹಾಗೂ ಸೂಕ್ಷ್ಮ ಕಟ್ಟಡಗಳು: ಕ್ರಮವಾಗಿ 2, 5 ಮತ್ತು 10.

ಗಣಿ ಮಾಲೀಕರದೇ ಆದ, ಸೀಮಿತ ಬಾಳಿಕೆಯ ಕಟ್ಟಡಗಳಿಗೆ ಈ ಮಿತಿಗಳು ಹೆಚ್ಚು ಸಡಿಲವಾಗಿವೆ. ಕಂಪನವನ್ನು ಅಳೆಯುವ ವಿಧಾನದ ಬಗ್ಗೆ ಭಾರತೀಯ ಮಾನಕ ಬ್ಯೂರೋ 2001ರಲ್ಲಿ ಐಎಸ್ 14881 ಎಂಬ ಮಾರ್ಗದರ್ಶಿಯನ್ನು ಪ್ರಕಟಿಸಿದೆ.

ಸಣ್ಣ ಕ್ವಾರಿಗಳ ಮಾಲೀಕರು ಅರಿಯಬೇಕಾದ ಮಾತೊಂದಿದೆ. ಕಟ್ಟಡದ ಕಲ್ಲು, ಜಲ್ಲಿ ಮೊದಲಾದವುಗಳ ಆಳ ಕಡಿಮೆಯ ಸಣ್ಣ ಗಣಿಗಳಿಗೆ 1952ರ ಗಣಿ ಕಾಯ್ದೆಯಲ್ಲಿ ಬಹುಮಟ್ಟಿನ ವಿನಾಯಿತಿ ಇತ್ತು. ಆದರೆ ಸ್ಫೋಟಕವನ್ನು ಬಳಸಿದೊಡನೆ ಆ ವಿನಾಯಿತಿ ತಪ್ಪಿಹೋಗುತ್ತಿತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ಸ್ಫೋಟಕಗಳ ಖರೀದಿ, ಸಂಗ್ರಹ, ಸಾಗಣೆ ಮತ್ತು ಬಳಕೆಗೆ 2008ರ ಸ್ಫೋಟಕ ನಿಯಮಗಳು ಅನ್ವಯಿಸುತ್ತವೆ. ತಮ್ಮದು ಚಿಕ್ಕ ಕ್ವಾರಿ, ತಮಗೆ ಈ ಯಾವ ನಿಯಮವೂ ತಾಕದು ಎಂಬ ಭಾವನೆ ಸಲ್ಲದು.

ದೂರ ಮತ್ತು ಮದ್ದಿನ ಲೆಕ್ಕ

ಒಂದು ಸ್ಥಳದಲ್ಲಿ ಕಂಪನ ಎಷ್ಟಾಗಬಹುದು ಎಂಬುದನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಸ್ಫೋಟದ ಸ್ಥಳದಿಂದ ಇರುವ ದೂರ, ಮತ್ತು ಏಕಕಾಲಕ್ಕೆ ಸಿಡಿಯುವ ಮದ್ದಿನ ತೂಕ. ಇಲ್ಲಿ 'ಏಕಕಾಲಕ್ಕೆ' ಎಂಬ ಮಾತಿಗೆ ಒತ್ತು ಕೊಡಬೇಕು. ಒಂದು ದಿನದ ಸ್ಫೋಟದಲ್ಲಿ ಒಟ್ಟು ಎಷ್ಟು ಮದ್ದು ಬಳಸಲಾಯಿತು ಎಂಬುದಕ್ಕಿಂತ ಒಂದೇ ಕ್ಷಣದಲ್ಲಿ ಎಷ್ಟು ಮದ್ದು ಸಿಡಿಯಿತು ಎಂಬುದು ನಿರ್ಣಾಯಕ. ಕುಳಿಗಳನ್ನು ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಒಂದರ ನಂತರ ಒಂದರಂತೆ ಸಿಡಿಸಿದರೆ ಪ್ರತಿಯೊಂದು ಸಿಡಿತದ ಅಲೆಯೂ ಬೇರೆ ಬೇರೆಯಾಗಿ ಸಾಗುತ್ತದೆ. ಎರಡು ಸಿಡಿತಗಳ ನಡುವೆ ಕನಿಷ್ಠ 8 ಮಿಲಿಸೆಕೆಂಡ್ ಅಂತರವಿದ್ದರೆ ಅವುಗಳನ್ನು ಪ್ರತ್ಯೇಕವೆಂದು ಎಣಿಸುವುದು ವಾಡಿಕೆ. ದೂರ ಹೆಚ್ಚಿದಂತೆ ಅಲೆಗಳು ಒಂದರ ಮೇಲೊಂದು ಬೀಳುವ ಸಂಭವವಿರುವುದರಿಂದ ಕೆಲವೆಡೆ ಇನ್ನೂ ಹೆಚ್ಚಿನ ಅಂತರ ಬೇಕಾಗುತ್ತದೆ.

ದೂರವನ್ನು ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯಿಂದ ಎಂಜಿನಿಯರುಗಳು ಪಿಪಿವಿಯನ್ನು ಅಂದಾಜು ಮಾಡುತ್ತಾರೆ. ಸರಾಸರಿ ಪರಿಸ್ಥಿತಿಗಾಗಿ ರೂಢಿಯಲ್ಲಿರುವ ಸೂತ್ರದಂತೆ ಲೆಕ್ಕ ಹಾಕಿದರೆ, 300 ಮೀಟರ್ ದೂರದ ಮನೆಯೊಂದರ ಬಳಿ, ಒಂದೇ ಕ್ಷಣದಲ್ಲಿ 100 ಕಿಲೋ ಮದ್ದು ಸಿಡಿದಾಗ ಪಿಪಿವಿ ಸೆಕೆಂಡಿಗೆ ಸುಮಾರು 5 ಮಿ.ಮೀ. ಆಗುತ್ತದೆ. ವಾಸದ ಮನೆಗೆ ವಿಧಿಸಿರುವ ಅತಿ ಬಿಗಿಯಾದ ಮಿತಿಯೂ ಅಷ್ಟೇ. ಅದೇ 100 ಕಿಲೋವನ್ನು 25 ಕಿಲೋಗಳ ನಾಲ್ಕು ಪಾಲು ಮಾಡಿ ಮಿಲಿಸೆಕೆಂಡ್ ಅಂತರದಲ್ಲಿ ಸಿಡಿಸಿದರೆ ಪಿಪಿವಿ ಸುಮಾರು 1.6 ಮಿ.ಮೀ.ಗೆ ಇಳಿಯುತ್ತದೆ. ಒಡೆದ ಕಲ್ಲು ಅಷ್ಟೇ. ಬಳಸಿದ ಮದ್ದೂ ಅಷ್ಟೇ. ನೆರೆಮನೆಯ ನಡುಕ ಮಾತ್ರ ಮೂರರಲ್ಲಿ ಒಂದು ಪಾಲು.

ಇದಕ್ಕೆ ಪ್ರತಿಯಾಗಿ ಮನೆಯು 150 ಮೀಟರ್ ದೂರದಲ್ಲಿದ್ದು 100 ಕಿಲೋ ಮದ್ದು ಒಮ್ಮೆಗೇ ಸಿಡಿದರೆ ಪಿಪಿವಿ ಸುಮಾರು 15 ಮಿ.ಮೀ. ಮುಟ್ಟುತ್ತದೆ. ದೂರ ಅರ್ಧವಾದರೆ ಕಂಪನ ಮೂರು ಪಟ್ಟಾಗುತ್ತದೆ ಎಂಬುದು ಇದರ ತಾತ್ಪರ್ಯ. ಆದರೆ ಇದು ಅಂದಾಜು ಮಾತ್ರ. ಬಂಡೆಯ ಜಾತಿ, ಅದರೊಳಗಿನ ಸೀಳುಗಳ ದಿಕ್ಕು, ಮೇಲಿನ ಮೊರಂ ಪದರದ ದಪ್ಪ, ನೀರಿನ ಮಟ್ಟ ಇವುಗಳಿಂದ ಒಂದೊಂದು ಕ್ವಾರಿಯ ಲೆಕ್ಕವೂ ಬದಲಾಗುತ್ತದೆ. ಒಂದು ಕ್ವಾರಿಯಲ್ಲಿ ಹಲವಾರು ಸ್ಫೋಟಗಳನ್ನು ಅಳೆದ ಮೇಲಷ್ಟೇ ಆ ಸ್ಥಳಕ್ಕೆ ಒಪ್ಪುವ ಸೂತ್ರ ದೊರೆಯುತ್ತದೆ.

ಗೋಡೆಯ ಬಿರುಕಿಗೆ ಕಾರಣ ಯಾವುದು?

ಮನುಷ್ಯನ ಶರೀರವು ಕಂಪನವನ್ನು ಬಹು ಸೂಕ್ಷ್ಮವಾಗಿ ಗ್ರಹಿಸುತ್ತದೆ. ಸೆಕೆಂಡಿಗೆ ಅರ್ಧ ಮಿಲಿಮೀಟರ್‌ನಷ್ಟು ಪಿಪಿವಿಯೂ ಕುಳಿತವರಿಗೆ ಗೊತ್ತಾಗಬಹುದು. ಪಾತ್ರೆ ಅಲುಗಿ ಸದ್ದಾದರಂತೂ ಮನೆಯೇ ನಡುಗಿದಂತೆ ಭಾಸವಾಗುತ್ತದೆ. ಅನುಭವಕ್ಕೆ ಬರುವ ಕಂಪನಕ್ಕೂ ಗೋಡೆ ಸೀಳುವ ಕಂಪನಕ್ಕೂ ನಡುವೆ ಬಹಳ ಅಂತರವಿದೆ. ಸ್ಫೋಟದ ದಿನ ಗಾಬರಿಯಿಂದ ಗೋಡೆಯನ್ನು ಪರೀಕ್ಷಿಸಿದವರಿಗೆ ಅಲ್ಲಿ ಬಿರುಕು ಕಾಣುತ್ತದೆ. ಅದು ಅಂದೇ ಮೂಡಿತೋ ಹಿಂದಿನಿಂದ ಇತ್ತೋ ಹೇಳುವವರು ಯಾರೂ ಇಲ್ಲ.

ಗೋಡೆಗಳು ಸ್ಫೋಟವಿಲ್ಲದೆಯೂ ಬಿರುಕು ಬಿಡುತ್ತವೆ. ಹಗಲಿನ ಬಿಸಿಲು, ರಾತ್ರಿಯ ತಂಪು, ಮಳೆಗಾಲದ ತೇವ, ಬೇಸಗೆಯ ಒಣಹವೆ ಇವುಗಳಿಂದ ಗೋಡೆ ಹಿಗ್ಗುತ್ತದೆ, ಕುಗ್ಗುತ್ತದೆ. ಕ್ಯೂರಿಂಗ್ ಸಾಲದ ಗಾರೆ ಒಣಗುವಾಗ ಸೀಳುತ್ತದೆ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮಣ್ಣೇ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅಡಿಪಾಯ ಆಳವಿಲ್ಲದ ಮನೆಗಳು ಸೀಳುವುದು ಸಾಮಾನ್ಯ. ಅಮೆರಿಕದ ಗಣಿ ಇಲಾಖೆಯು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷೆಗೆಂದೇ ಕಟ್ಟಿದ ಮನೆಯೊಂದರ ಗೋಡೆಗಳಲ್ಲಿ ಹವಾಮಾನದ ಏರಿಳಿತ ಮತ್ತು ಮನೆವಾರ್ತೆಯ ಚಟುವಟಿಕೆಗಳು ಉಂಟುಮಾಡುವ ಒತ್ತಡವು ಸೆಕೆಂಡಿಗೆ 30 ಮಿ.ಮೀ.ಗಿಂತಲೂ ಹೆಚ್ಚಿನ ಪಿಪಿವಿಯ ಕಂಪನಕ್ಕೆ ಸಮನಾಗಬಲ್ಲದು ಎಂದು ಕಂಡುಬಂದಿತು.

ಆದರೆ ಈ ಅಂಕಿಯನ್ನು ಮುಂದಿಟ್ಟು ಉದ್ದಿಮೆದಾರರು ನಿಶ್ಚಿಂತರಾಗುವಂತಿಲ್ಲ. ಅದು ಅಮೆರಿಕದ ಮರದ ಚೌಕಟ್ಟಿನ ಮನೆಯ ಅಧ್ಯಯನ. ನಮ್ಮ ಹಳ್ಳಿಗಳಲ್ಲಿರುವುದು ಮಣ್ಣಿನ ಗೋಡೆಯ ಮನೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಾಡುಗಲ್ಲಿನ ಮನೆ, ಹೆಂಚಿನ ಸೂರಿನ ಮನೆ. ಇವುಗಳಲ್ಲಿ ಗೋಡೆಗಳನ್ನು ಒಂದಕ್ಕೊಂದು ಬಿಗಿಯುವ ಲಿಂಟಲ್ ಪಟ್ಟಿಯೇ ಅನೇಕ ಬಾರಿ ಇರುವುದಿಲ್ಲ. ಈಗಾಗಲೇ ಇರುವ ಕೂದಲೆಳೆಯ ಬಿರುಕು ಪದೇಪದೇ ಬರುವ ಕಂಪನದಿಂದ ಉದ್ದವಾಗಬಹುದು, ಅಗಲವಾಗಬಹುದು. ಅದೇ ಅಧ್ಯಯನದಲ್ಲಿ ಮನೆಯನ್ನು ಯಂತ್ರದಿಂದ ಸತತವಾಗಿ ಅಲುಗಿಸಿದಾಗ 56,000 ಆವರ್ತಗಳ ನಂತರ ಬಿರುಕು ಕಾಣಿಸಿಕೊಂಡಿತು. ಅಂದರೆ ದಣಿವು ಗೋಡೆಗೂ ಉಂಟು. ಎಲ್ಲ ಬಿರುಕೂ ಸ್ಫೋಟದಿಂದಲೇ ಎಂಬ ವಾದವಾಗಲಿ, ಯಾವ ಬಿರುಕೂ ಸ್ಫೋಟದಿಂದಲ್ಲ ಎಂಬ ವಾದವಾಗಲಿ ವಿಜ್ಞಾನಕ್ಕೆ ಒಪ್ಪುವುದಿಲ್ಲ.

ಗಾಳಿಯ ಹೊಡೆತ

ಕಂಪನದ ದೂರುಗಳಲ್ಲಿ ಒಂದು ಭಾಗ ನಿಜವಾಗಿ ನೆಲದ್ದಲ್ಲ, ಗಾಳಿಯದು. ಸ್ಫೋಟದಿಂದ ಗಾಳಿಯಲ್ಲಿ ಏಳುವ ಒತ್ತಡದ ಅಲೆಯು ಕಿಟಕಿ, ಬಾಗಿಲು, ತಗಡಿನ ಸೂರುಗಳನ್ನು ಅಲುಗಿಸುತ್ತದೆ. ಒಂದು ಕಿಲೋಮೀಟರ್ ದೂರದಲ್ಲಿರುವವರಿಗೆ ನೆಲದ ಅಲೆ ಒಂದು ಸೆಕೆಂಡಿಗೂ ಮೊದಲೇ ತಲಪಿದರೆ ಗಾಳಿಯ ಅಲೆ ತಲಪಲು ಸುಮಾರು ಮೂರು ಸೆಕೆಂಡ್ ಬೇಕು. ಎರಡು ಬಾರಿ ನಡುಗಿತು ಎಂದು ಗ್ರಾಮಸ್ಥರು ಹೇಳುವುದಕ್ಕೆ ಇದು ಕಾರಣವಿರಬಹುದು. ಕುಳಿಯ ಬಾಯಿಗೆ ಸಾಕಷ್ಟು ಜಲ್ಲಿಪುಡಿ ತುಂಬದಿರುವುದು, ದೊಡ್ಡ ದಿಂಡುಗಳ ಮೇಲೆ ಮದ್ದು ಮೆತ್ತಿ ಸಿಡಿಸುವುದು – ಇವೇ ಗಾಳಿಯ ಹೊಡೆತದ ಪ್ರಮುಖ ಕಾರಣಗಳು.

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದಾಗ ದೂರದ ಊರುಗಳ ಜನರೂ ಭೂಕಂಪವೆಂದು ಭಾವಿಸಿ ಮನೆಯಿಂದ ಹೊರಗೆ ಓಡಿಬಂದರು. ಅದು ಕುಳಿಯಲ್ಲಿ ನಡೆದ ನಿಯಂತ್ರಿತ ಸ್ಫೋಟವಲ್ಲ. ನೆಲದ ಮೇಲೆ ನಡೆದ ಪ್ರಾಣಾಂತಿಕ ದುರಂತ. ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಮೃತಪಟ್ಟರು. ಇಂತಹ ಘಟನೆಗಳ ನೆನಪು ಮಾಸದಿರುವಾಗ ಶಾಸ್ತ್ರೀಯವಾಗಿ ನಡೆದ ಸ್ಫೋಟದ ಸದ್ದೂ ಜನರಲ್ಲಿ ಭಯ ಹುಟ್ಟಿಸುವುದು ಸಹಜ.

ಅಳತೆ ತಡವಾದರೆ ಆಗುವುದೇನು?

ನಂಬಿಕೆ ಒಮ್ಮೆ ಮುರಿದರೆ ಅಳತೆಯೂ ಕಷ್ಟವಾಗುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಬೇಬಿ ಬೆಟ್ಟದ ಪ್ರಕರಣವು ನಿದರ್ಶನ. ಅಲ್ಲಿನ ಕಲ್ಲುಗಣಿಗಾರಿಕೆಯಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಅಪಾಯವೆಂಬ ಆತಂಕ ವರ್ಷಗಳಿಂದ ವ್ಯಕ್ತವಾಗುತ್ತ ಬಂದಿದೆ. 1932ರಲ್ಲಿ ಪೂರ್ಣಗೊಂಡ, ಸುರ್ಕಿ ಗಾರೆಯಿಂದ ಕಟ್ಟಿದ ಆ ಅಣೆಕಟ್ಟೆಯನ್ನು ಮಂಡ್ಯದ ಗದ್ದೆಗಳೂ ಬೆಂಗಳೂರು-ಮೈಸೂರುಗಳ ಕುಡಿಯುವ ನೀರೂ ಅವಲಂಬಿಸಿವೆ. ಪರೀಕ್ಷಾರ್ಥ ಸ್ಫೋಟ ನಡೆಸಿ ಕಂಪನವನ್ನು ಅಳೆಯುವ ಪ್ರಯತ್ನಗಳು 2022ರಲ್ಲಿಯೂ 2024ರಲ್ಲಿಯೂ ರೈತರ ವಿರೋಧವನ್ನು ಎದುರಿಸಬೇಕಾಯಿತು. ಅಳೆಯುವುದಕ್ಕಾಗಿ ಸಿಡಿಸುವುದನ್ನೂ ಜನ ಒಪ್ಪದ ಸ್ಥಿತಿ ಒದಗಿತ್ತು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯಡಿ ಅಧ್ಯಯನ ಮುಗಿಯುವವರೆಗೆ ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿ ಆದೇಶಿಸಿತು.

ಅದೇ ತಿಂಗಳು ರಾಜಸ್ಥಾನದ ಚಿತ್ತೋರಗಢ ಕೋಟೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೋಟೆಯ ಆವರಣ ಗೋಡೆಯಿಂದ 5 ಕಿಲೋಮೀಟರ್ ಒಳಗೆ ಸ್ಫೋಟಕ ಬಳಸಿ ಗಣಿಗಾರಿಕೆ ನಡೆಸದಂತೆ ಆದೇಶಿಸಿತು. ಅದರಾಚೆಗಿನ ಪರಿಣಾಮದ ಅಧ್ಯಯನವನ್ನು ಧನಬಾದಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರಿಗೆ ವಹಿಸಿತು. ಸುಣ್ಣದಕಲ್ಲಿನ ಗಣಿಗಾರಿಕೆಯಿಂದ ಆ ಕೋಟೆಗೆ ಹಾನಿಯಾಗುತ್ತಿದೆ ಎಂಬ ವ್ಯಾಜ್ಯದಲ್ಲಿ ರಾಜಸ್ಥಾನ ಹೈಕೋರ್ಟ್ 2012ರಲ್ಲಿಯೇ ನಿಷೇಧ ವಿಧಿಸಿತ್ತು.

ಅಣೆಕಟ್ಟೆ, ಕೋಟೆಗಳಂತಹ ಕಟ್ಟಡಗಳ ವಿಷಯದಲ್ಲಿ ನ್ಯಾಯಾಲಯಗಳು ಮುನ್ನೆಚ್ಚರಿಕೆಯ ಪಕ್ಷ ವಹಿಸುವುದು ಸಹಜ. ಅಲ್ಲಿ ಒಂದು ತಪ್ಪಿಗೆ ಪರಿಹಾರವೇ ಇಲ್ಲ. ಆದರೆ ಎರಡೂ ಪ್ರಕರಣಗಳಿಂದ ಉದ್ದಿಮೆ ಕಲಿಯಬೇಕಾದ ಪಾಠ ಒಂದೇ. ನ್ಯಾಯಾಲಯದ ಮುಂದೆ ನಿಷೇಧವು ಕಿಲೋಮೀಟರ್‌ಗಳಲ್ಲಿ ಅಳೆಯಲ್ಪಡುತ್ತದೆ; ಅದರೊಳಗೆ ಅಚ್ಚುಕಟ್ಟಾಗಿ ಕೆಲಸ ಮಾಡಿದವನಿಗೂ ಮಾಡದವನಿಗೂ ಭೇದವಿರುವುದಿಲ್ಲ. ಮಿಲಿಮೀಟರ್‌ಗಳಲ್ಲಿ ಅಳೆಯುವ ಅವಕಾಶವಿರುವುದು ವಿವಾದ ಹುಟ್ಟುವ ಮುನ್ನ ಮಾತ್ರ.

ಉದ್ದಿಮೆದಾರರು ಕೈಗೊಳ್ಳಬೇಕಾದ ಕ್ರಮಗಳು

1. ಪೂರ್ವ ಸಮೀಕ್ಷೆ: ಹೊಸ ಕ್ವಾರಿ ಆರಂಭಿಸುವ ಮುನ್ನ ಅಥವಾ ಊರಿನ ಕಡೆಗೆ ಮುಖ ವಿಸ್ತರಿಸುವ ಮುನ್ನ ಸಮೀಪದ ಮನೆ, ಶಾಲೆ, ದೇವಸ್ಥಾನ, ಬಾವಿಗಳ ಸ್ಥಿತಿಯನ್ನು ಛಾಯಾಚಿತ್ರಗಳೊಡನೆ ದಾಖಲಿಸಬೇಕು. ಇರುವ ಬಿರುಕುಗಳ ಉದ್ದ-ಅಗಲಗಳನ್ನು ಅಳೆದು ಮನೆಯವರ ಹಾಗೂ ಗ್ರಾಮ ಪಂಚಾಯಿತಿ ಪ್ರತಿನಿಧಿಗಳ ಸಹಿ ಪಡೆದು ಒಂದು ಪ್ರತಿಯನ್ನು ಅವರಿಗೇ ಕೊಡಬೇಕು. ಬಿರುಕಿನ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಅಂಟಿಸಿದರೆ ಬಿರುಕು ಅಗಲವಾದಾಗ ಅದು ಒಡೆದು ತಾನೇ ಸಾಕ್ಷಿ ಹೇಳುತ್ತದೆ.

2. ಕಂಪನ ಮಾಪನ: ಮೂರು ದಿಕ್ಕುಗಳ ಕಂಪನವನ್ನೂ ಗಾಳಿಯ ಒತ್ತಡವನ್ನೂ ದಾಖಲಿಸುವ ಕಂಪನಮಾಪಕವನ್ನು ಅತಿ ಸಮೀಪದ ಕಟ್ಟಡದ ಅಡಿಪಾಯದ ಪಕ್ಕದಲ್ಲಿ, ನೆಲಕ್ಕೆ ಭದ್ರವಾಗಿ ಕೂರುವಂತೆ ಇಡಬೇಕು. ಮಹಡಿಯ ಮೇಲಾಗಲಿ ಸಡಿಲ ಮಣ್ಣಿನ ಮೇಲಾಗಲಿ ಇಟ್ಟು ಪಡೆದ ಅಂಕಿ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಸಣ್ಣ ಕ್ವಾರಿಗಳು ಒಂದು ಪ್ರದೇಶದ ಸಂಘದ ಮೂಲಕ ಒಂದೇ ಉಪಕರಣವನ್ನು ಹಂಚಿಕೊಂಡು ಬಳಸಬಹುದು.

3. ಸ್ಫೋಟದ ವಿನ್ಯಾಸ: ಪ್ರತಿ ಅಂತರಕ್ಕೆ ಸಿಡಿಯುವ ಮದ್ದಿನ ತೂಕವನ್ನು ಮಿತಿಗೊಳಿಸುವುದೇ ಪ್ರಥಮ ಕ್ರಮ. ಕುಳಿಗೂ ತೆರೆದ ಮುಖಕ್ಕೂ ನಡುವಿನ ಅಂತರ ಅತಿಯಾದರೆ ಬಂಡೆ ಬಿಡಿಸಿಕೊಳ್ಳಲಾರದೆ ಶಕ್ತಿಯು ಕಂಪನವಾಗಿ ಹಿಂದಕ್ಕೆ ಹೋಗುತ್ತದೆ. ಕುಳಿಯ ಬಾಯಿಗೆ ಕೊರೆದ ಧೂಳಿಗಿಂತ ಸಣ್ಣ ಜಲ್ಲಿಯನ್ನು ತುಂಬುವುದು ಲೇಸು. ಸಿಡಿತದ ಕ್ರಮವು ಕಟ್ಟಡದ ಸಮೀಪದ ಕುಳಿಯಿಂದ ಆರಂಭವಾಗಿ ದೂರಕ್ಕೆ ಸಾಗಬೇಕು.

4. ಡಿಟೋನೇಟರ್ ಆಯ್ಕೆ: ಕೇಂದ್ರ ಸರ್ಕಾರವು 2025ರ ಏಪ್ರಿಲ್ 1ರಿಂದ ವಿದ್ಯುತ್ ಡಿಟೋನೇಟರ್‌ಗಳ ತಯಾರಿಕೆ, ಆಮದು ಮತ್ತು ಸ್ವಾಧೀನವನ್ನು ನಿಷೇಧಿಸಿದೆ. ಈ ಬದಲಾವಣೆಯನ್ನು ಹೊರೆಯೆಂದು ಭಾವಿಸದೆ ಅವಕಾಶವೆಂದು ಬಳಸಿಕೊಳ್ಳುವುದು ಜಾಣತನ. ಮಿಲಿಸೆಕೆಂಡಿನ ನಿಖರತೆಯಿಂದ ಸಮಯ ನಿಗದಿಪಡಿಸಬಹುದಾದ ಎಲೆಕ್ಟ್ರಾನಿಕ್ ಡಿಟೋನೇಟರ್‌ಗಳಿಂದ ಪ್ರತಿ ಕುಳಿಯನ್ನೂ ಪ್ರತ್ಯೇಕವಾಗಿ ಸಿಡಿಸಲು ಸಾಧ್ಯ.

5. ಮದ್ದಿಲ್ಲದ ವಿಧಾನಗಳು: ಅಲಂಕಾರಿಕ ಗ್ರಾನೈಟ್ ಕ್ವಾರಿಗಳಲ್ಲಿ ವಜ್ರದ ತಂತಿಗರಗಸ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ದೊಡ್ಡ ದಿಂಡುಗಳನ್ನು ಮತ್ತೆ ಮದ್ದಿಟ್ಟು ಸಿಡಿಸುವ ಬದಲು ರಾಕ್ ಬ್ರೇಕರ್‌ನಿಂದ ಒಡೆಯಬಹುದು. ನಗರದೊಳಗೆ ಅಡಿಪಾಯ ತೋಡುವಾಗ ಕುಳಿಯೊಳಗೆ ಹಿಗ್ಗಿ ಬಂಡೆ ಸೀಳುವ ರಾಸಾಯನಿಕ ಪುಡಿ ಮತ್ತು ಹೈಡ್ರಾಲಿಕ್ ಸೀಳುಯಂತ್ರಗಳು ಉಪಯುಕ್ತ. ಇವುಗಳಿಗೆ ಸಮಯ ಮತ್ತು ಖರ್ಚು ಹೆಚ್ಚು. ಆದರೆ ಗೋಡೆಗೆ ಗೋಡೆ ತಾಗಿರುವಲ್ಲಿ ಬೇರೆ ದಾರಿಯಿಲ್ಲ.

6. ಮುನ್ಸೂಚನೆ ಮತ್ತು ದಾಖಲೆ: ಸ್ಫೋಟದ ವೇಳೆ ನಿಗದಿಯಾಗಿರಬೇಕು, ಸೈರನ್ ತಪ್ಪಬಾರದು. ಪ್ರತಿ ಸ್ಫೋಟದ ದಿನಾಂಕ, ಕುಳಿಗಳ ಸಂಖ್ಯೆ, ಮದ್ದಿನ ತೂಕ, ಅಂತರದ ಕ್ರಮ, ದಾಖಲಾದ ಪಿಪಿವಿ ಮತ್ತು ಆವರ್ತನಗಳನ್ನು ನೋಂದಣಿ ಪುಸ್ತಕದಲ್ಲಿ ಬರೆದು ಪಂಚಾಯಿತಿಯ ಫಲಕದಲ್ಲಿಯೂ ಪ್ರಕಟಿಸಬೇಕು. ಮಿತಿ ಮೀರಿದ ದಿನದ ಅಂಕಿಯನ್ನೂ ಮರೆಮಾಚಬಾರದು. ಒಂದು ಅಂಕಿ ಮುಚ್ಚಿಟ್ಟಿದ್ದು ಬಯಲಾದರೆ ನೂರು ಅಂಕಿಗಳ ಬೆಲೆ ಹೋಗುತ್ತದೆ.

ಈ ಕಾರ್ಯದಲ್ಲಿ ತಜ್ಞರ ನೆರವಿಗೆ ಕರ್ನಾಟಕದ ಉದ್ದಿಮೆದಾರರು ದೂರ ಹೋಗಬೇಕಾಗಿಲ್ಲ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ 1988ರಲ್ಲಿ ಸ್ಥಾಪನೆಯಾದ, ಕೇಂದ್ರ ಗಣಿ ಸಚಿವಾಲಯಕ್ಕೆ ಸೇರಿದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ರಾಜ್ಯದಲ್ಲಿಯೇ ಇದೆ. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವಿದೆ.

ಉಪಸಂಹಾರ

ಕಂಪನ ಮಾಪನಕ್ಕೆ, ಪೂರ್ವ ಸಮೀಕ್ಷೆಗೆ, ಉತ್ತಮ ಡಿಟೋನೇಟರ್‌ಗೆ ಹಣ ಬೇಕು ನಿಜ. ಆದರೆ ಕ್ವಾರಿ ಸ್ಥಗಿತಗೊಂಡ ದಿನ ಕ್ರಷರ್ ನಿಲ್ಲುತ್ತದೆ, ಟಿಪ್ಪರ್‌ನ ಕಂತು ನಿಲ್ಲುವುದಿಲ್ಲ. ಈ ಲೆಕ್ಕವನ್ನು ಅರಿಯದ ವ್ಯಾಪಾರಿ ಇಲ್ಲ. ಹಾಗೆಯೇ ಅಳತೆಯಲ್ಲಿ ಮಿತಿ ಮೀರಿರುವುದು ಕಂಡುಬಂದರೆ ಹಾನಿಗೊಳಗಾದ ಮನೆಗೆ ಪರಿಹಾರ ನೀಡಿ ಮದ್ದಿನ ಪ್ರಮಾಣವನ್ನು ತಗ್ಗಿಸಲು ಉದ್ದಿಮೆದಾರರು ಸಿದ್ಧರಿರಬೇಕು. ತಮಗೆ ಅನುಕೂಲವಾದಾಗ ಮಾತ್ರ ಒಪ್ಪುವ ಅಳತೆಯನ್ನು ಯಾರೂ ನಂಬಲಾರರು. ಕ್ವಾರಿಯ ಗುತ್ತಿಗೆಯನ್ನು ಸರ್ಕಾರ ಕೊಡುತ್ತದೆ. ಅದು ಅವಧಿ ಮುಗಿಯುವವರೆಗೆ ನಡೆಯಬೇಕಾದರೆ ಬೆಟ್ಟದ ಕೆಳಗಿನ ಊರಿನ ಸಮ್ಮತಿಯೂ ಬೇಕು. ಆ ಸಮ್ಮತಿಯನ್ನು ಗಳಿಸಲು ಪಂಚಾಯಿತಿ ಫಲಕದ ಮೇಲೆ ಸ್ಫೋಟದ ದಿನವೇ ಬರೆದ ಮಿಲಿಮೀಟರ್‌ಗಳ ಅಂಕಿಗಿಂತ ಸುಲಭವಾದ ಸಾಧನ ಬೇರೊಂದಿಲ್ಲ.